ಹಲಗೆ ಮೇಲಿನ ಬದನೆಕಾಯಿ

ಸೆಪ್ಟೆಂಬರ್ 3, ಮಂಗಳವಾರ

ಇವತ್ತು ಕ್ಲಾಸಲ್ಲಿ ಮೂವತ್ತೊಂಬತ್ತು ಮಕ್ಕಳು ನಕ್ಕರು. ಕ್ಲಾಸಲ್ಲಿರೋದು ನಲವತ್ತು.

ಮನೆಗೆ ಬಂದು ಕಾಫಿ ಕುಡಿದ ಮೇಲೂ ಆ ಒಂದು ಲೆಕ್ಕ ತಲೆಯಿಂದ ಹೋಗ್ತಿಲ್ಲ. ಅದಕ್ಕೇ ಬರೀತಿದೀನಿ. ರಿಟೈರಾಗಿ ಆರು ವರ್ಷ ಆದಮೇಲೆ ಮತ್ತೆ ಸೀಮೆಸುಣ್ಣ ಹಿಡಿದಿರೋ ಮನುಷ್ಯ ನಾನು. ಫಿಸಿಕ್ಸ್ ಮೇಡಂ ಹೆರಿಗೆ ರಜೆ ಹಾಕಿದ್ದಾರೆ, ಮೂರು ತಿಂಗಳು ಹನ್ನೊಂದನೇ ಕ್ಲಾಸು ನೋಡ್ಕೊಳಿ ಅಂತ ಹೆಡ್‌ಮಿಸ್ ಫೋನ್ ಮಾಡಿದ್ರು. ಅವರೂ ನನ್ನ ಹಳೇ ಶಿಷ್ಯೆನೇ. "ಪಾಠ ಮಾತ್ರ ಸರ್, ಆಟ ಬೇಡ" ಅಂತ ಮೊದಲೇ ಹೇಳಿದ್ರು. ಪಾಠದಲ್ಲಿ ಆಟ, ಆಟದಲ್ಲಿ ಕಾಟ, ಇದು ಬಿಟ್ರೆ ನನಗೆ ಬರೋದೇನಿದೆ?

ಕಣ್ಣಿನ ಪಾಠ ನಡೀತಿದೆ. ಪೇಪರ್ ಸುರುಳಿ ಸುತ್ತಿ ಒಂದು ಕಣ್ಣಿಗೆ ಹಿಡಿಸಿ, ಇನ್ನೊಂದು ಕಣ್ಣಿನ ಮುಂದೆ ಅಂಗೈ ಇಡಿಸಿ, ಎಲ್ಲರ ಅಂಗೈಯಲ್ಲೂ ತೂತು ಕೊರೆಸಿದೆ. ಅಕ್ಷಿಪಟಲ ಅಂದ್ರೆ ಕಣ್ಣೊಳಗಿನ ಪಟಾಲಮ್ಮು, ಬೆಳಕು ಬಿದ್ದ ತಕ್ಷಣ ಮೆದುಳಿಗೆ ಚಾಡಿ ಹೇಳೋ ಗುಂಪು ಅಂದೆ. ಚೆನ್ನಾಗಿ ನಕ್ಕರು. ಆಮೇಲೆ ಅಂಧಬಿಂದು. ಕಣ್ಣಿನ ನರ ಹಿಂದಕ್ಕೆ ಹೊರಡೋ ಜಾಗ ಅದು, ಅಲ್ಲಿ ಏನೂ ಕಾಣಲ್ಲ, ಎಲ್ಲರ ಕಣ್ಣಲ್ಲೂ ಇದೆ. ಇದೆ ಅಂತಲೇ ಗೊತ್ತಾಗದ ಹಾಗೆ ಮೆದುಳು ತೇಪೆ ಹಾಕಿರತ್ತೆ. ಎಷ್ಟು ಅಂದದ ಬಿಂದು ನೋಡಿ ಅಂದೆ.

ಇದನ್ನ ಅಳೆಯೋ ಪ್ರಯೋಗ ಮೂವತ್ತು ವರ್ಷದಿಂದ ನನ್ನ ಮೇಲೇ ಮಾಡಿಸ್ತಾ ಬಂದಿದೀನಿ. ಹಲಗೆಯಿಂದ ಒಂದು ಮೀಟರ್ ದೂರ ಸ್ಟೂಲ್ ಮೇಲೆ ಕೂರ್ತೀನಿ. ತಲೆ ಅಲ್ಲಾಡದ ಹಾಗೆ ಪುಸ್ತಕದ ರಾಶಿ ಮೇಲೆ ಗದ್ದ. ಎಡಗಣ್ಣು ಮುಚ್ಚಿ, ಬಲಗಣ್ಣು ಹಲಗೆ ಮೇಲಿನ ಇಂಟು ಗುರುತಿನ ಮೇಲೆ. ಒಬ್ಬರು ತುದೀಲಿ ಬಿಳಿ ಮಣಿ ಅಂಟಿಸಿದ ಕಡ್ಡೀನ ಹಲಗೆ ಮೇಲೆ ಓಡಿಸ್ತಾರೆ. ಮಣಿ ಮಾಯ ಆದ್ರೆ ನಾನು "ಹೋಯ್ತು" ಅಂತೀನಿ, ಮತ್ತೆ ಕಂಡ್ರೆ "ಬಂತು" ಅಂತೀನಿ. ಅಲ್ಲಲ್ಲಿ ಸೀಮೆಸುಣ್ಣದ ಚುಕ್ಕೆ. ಕೊನೇಲಿ ಚುಕ್ಕೆಗಳನ್ನ ಸೇರಿಸಿದ್ರೆ ಇಂಟು ಗುರುತಿನ ಬಲಕ್ಕೆ ಅಂಗೈಯಗಲದ ಒಂದು ಮೊಟ್ಟೆ. ಪುಸ್ತಕದಲ್ಲೂ ಮೊಟ್ಟೆ, ಹಲಗೆ ಮೇಲೂ ಮೊಟ್ಟೆ.

ಇವತ್ತು ಮೂರನೇ ಬೆಂಚಿನ ಹುಡುಗೀನ ಕರೆದೆ. ಮಾತು ಕಮ್ಮಿ, ಕೈ ನಿಧಾನ. ಚುಕ್ಕೆ ಇಟ್ಟೂ ಇಟ್ಟೂ ನನ್ನ ಕುತ್ತಿಗೆ ಹಿಡ್ಕೊಳ್ತು. ಎದ್ದು ನೋಡಿದ್ರೆ ಮೊಟ್ಟೆ ಇದೆ, ಆದರೆ ಮೊಟ್ಟೆಗೊಂದು ಬಾಲ. ಆ ಬಾಲ ಕೆಳಗಿಳಿದು, ಇಂಟು ಗುರುತಿನ ಅಡೀಲಿ ಬಾಗಿ, ಎಡಕ್ಕೆ ಹೋಗಿದೆ. ಥೇಟು ಬದನೆಕಾಯಿ, ತೊಟ್ಟು ಸಮೇತ. ನಾನು ಇಂಟು ಗುರುತು ನೋಡ್ತಾ ಕೂತಿದ್ದಾಗ ಹುಡುಗಿ ಕಡ್ಡಿ ಬಚ್ಚಿಟ್ಟು ಆಟ ಆಡಿದ್ದಾಳೆ ಅನ್ಕೊಂಡೆ. ನನ್ನ ಹತ್ರನೇ?

"ಮೊಟ್ಟೆ ಕೇಳಿದ್ರೆ ಬದನೆಕಾಯಿ ತೂಗ್ತೀಯಲ್ಲಮ್ಮ, ತರಕಾರಿ ಅಂಗಡಿ ಇಟ್ಟಿದೀಯಾ?" ಅಂದೆ. ಆಗ ನಕ್ಕಿದ್ದು ಆ ಮೂವತ್ತೊಂಬತ್ತು ಜನ.

"ನೀವು ಹೋಯ್ತು ಅಂದ ಕಡೆ ಚುಕ್ಕೆ ಇಟ್ಟೆ ಸರ್" ಅಂದ್ಲು.

ಅಲ್ಲಿಗೆ ಬಿಡಬಹುದಿತ್ತು. ಅವಳ ರೆಕಾರ್ಡ್ ಪುಸ್ತಕ ತಗೊಂಡು ಕೆಂಪು ಶಾಯೀಲಿ "ಬೇಯಿಸಿದ ರೀಡಿಂಗ್" ಅಂತ ಬರೆದೆ. ಲ್ಯಾಬಲ್ಲಿ ಇದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಅಳೀದೇ ಅಳೆದೆ ಅಂತ ಬರೆದವಳು, ಕಳ್ಳಿ ಅಂತ ಅರ್ಥ. ಬರೆದಿದ್ದು ಸಾಲದು ಅಂತ ಗಟ್ಟಿಯಾಗಿ ಓದ್ದೆ. ಬದನೆಕಾಯಿ ಹದವಾಗಿ ಬೆಂದಿದೆ ಅಂತನೂ ಸೇರಿಸಿದೆ.

ಲ್ಯಾಬು ಮಹಡಿ ಮೇಲಿದೆ. ಇಳಿಯುವಾಗ ಕೊನೇ ಮೆಟ್ಟಿಲಲ್ಲಿ ಮುಗ್ಗರಿಸಿದೆ. ಮೆಟ್ಟಿಲಿಗೂ ಯಾರೋ ಏನೋ ಮಾಡಿದ್ದಾರೆ ಈ ಸ್ಕೂಲಲ್ಲಿ.

ಸೆಪ್ಟೆಂಬರ್ 5, ಗುರುವಾರ

ಮನೆಯವಳು ಸೇಡು ತೀರಿಸ್ಕೊಳ್ತಿದ್ದಾಳೆ. ನಲವತ್ತು ವರ್ಷದಲ್ಲಿ ನಾನು ಅವಳ ಸಕ್ಕರೆ ಡಬ್ಬಿಗೆ ಉಪ್ಪು ಹಾಕಿದೀನಿ, ಅಲಾರಂ ಒಂದು ಗಂಟೆ ಮುಂದಿಟ್ಟಿದೀನಿ, ಅವಳ ತಂಗಿ ದನೀಲಿ ಫೋನ್ ಮಾಡಿದೀನಿ. ಈಗ ಅವಳ ಸರದಿ. ನೀರಿನ ಲೋಟಾನ ನನ್ನ ಮೊಣಕೈ ಹತ್ರ ಸದ್ದಿಲ್ಲದೆ ಸರಿಸ್ತಾಳೆ, ನಾನು ಉರುಳಿಸ್ತೀನಿ. ಈ ವಾರ ಮೂರನೇ ಸಲ. ಬಚ್ಚಲ ಬಾಗಿಲ ಮುಂದೆ ಕುಳ್ಳ ಸ್ಟೂಲು ಇಟ್ಟಿದ್ಲು, ಮೊಣಕಾಲು ಊದಿದೆ.

"ಯಾವಾಗ್ಲೂ ಇಡೋ ಜಾಗದಲ್ಲೇ ಇಟ್ಟಿದೀನಿ ರೀ" ಅಂತಾಳೆ. ಮುಖದಲ್ಲಿ ಒಂಚೂರೂ ನಗು ಇಲ್ಲ. ನನಗಿಂತ ಚೆನ್ನಾಗಿ ಕಲಿತಿದ್ದಾಳೆ.

ಸೆಪ್ಟೆಂಬರ್ 6, ಶುಕ್ರವಾರ

ಇವತ್ತು ಮೂರನೇ ಬೆಂಚಿನ ಮೇಲೆ ಒಂದು ನಿಜವಾದ ಬದನೆಕಾಯಿ ಇತ್ತು. ಯಾರೋ ಮನೆಯಿಂದ ತಂದು ಅವಳ ಜಾಗದಲ್ಲಿ ಇಟ್ಟಿದ್ರು. ಅವಳು ಬಂದ್ಲು, ನೋಡಿದ್ಲು, ಅದನ್ನ ಪಕ್ಕಕ್ಕೆ ಸರಿಸಿ ಕೂತ್ಲು. ಎಲ್ಲರೂ ನನ್ನ ಮುಖ ನೋಡಿದ್ರು.

ಬೈಯಬೇಕಿತ್ತು. ನಾನು ಮುಸಿಮುಸಿ ನಕ್ಕೆ. ಒಳ್ಳೇ ಕೀಟಲೆ ಕಂಡ್ರೆ ತುಟಿ ತಾನೇ ಹಿಗ್ಗತ್ತೆ, ಅದು ಹಳೇ ಚಾಳಿ. ನಾನು ನಕ್ಕಿದ್ದನ್ನ ಅವಳು ನೋಡಿದ್ಲು. ಆಮೇಲೆ ತಲೆ ಎತ್ತಲೇ ಇಲ್ಲ.

ಪಾಠ ಕೆಂಪು ಚೌಕದ್ದು. ಕೆಂಪು ಕಾಗದಾನ ಅರ್ಧ ನಿಮಿಷ ದಿಟ್ಟಿಸಿ ಬಿಳಿ ಗೋಡೆ ನೋಡಿದ್ರೆ ಅಲ್ಲಿ ಹಸಿರು ಚೌಕ ತೇಲತ್ತೆ. ಕಣ್ಣು ಮುಚ್ಚಿದ್ರೂ ಇರತ್ತೆ, ಉಜ್ಜಿದ್ರೂ ಹೋಗಲ್ಲ, ತಾನಾಗೇ ಹೋಗ್ಬೇಕು. ಎಷ್ಟು ಹೊತ್ತಿಗೆ ಹೋಗತ್ತೆ ಸರ್ ಅಂತ ಒಬ್ಬ ಕೇಳಿದ. ಎಷ್ಟು ಹೊತ್ತು ದಿಟ್ಟಿಸಿದೀಯ ಅನ್ನೋದರ ಮೇಲೆ ಅಂದೆ.

ಪಾಠ ಮುಗಿದ ಮೇಲೆ ಆ ಬದನೆಕಾಯಿ ಎತ್ತಿ ನನ್ನ ಚೀಲಕ್ಕೆ ಹಾಕ್ಕೊಂಡೆ. ಮನೆಯವಳು ಎಲ್ಲಿಂದ ತಂದ್ರಿ ಅಂತ ಕೇಳಿದ್ಲು. ಸ್ಕೂಲಿಂದ ಅಂದೆ. ಅಷ್ಟೇ ಹೇಳೋಕಾಗಿದ್ದು.

ಸೆಪ್ಟೆಂಬರ್ 10, ಮಂಗಳವಾರ

ನಿನ್ನೆ ಮೂರನೇ ಬೆಂಚು ಖಾಲಿ. ಇವತ್ತೂ ಖಾಲಿ. ಜ್ವರ ಇರ್ಬೇಕು.

ಜ್ವರ ಅಲ್ಲ ಅಂತ ಗೊತ್ತು.

ಸೆಪ್ಟೆಂಬರ್ 12, ಗುರುವಾರ

ಹೆಡ್‌ಮಿಸ್ ಕೋಣೆಗೆ ಕರೆಸಿದ್ರು. ನಾನೇ ಕಲಿಸಿದ ಹುಡುಗಿ ಎದುರಿಗೆ ನಾನು ಕೈ ಕಟ್ಕೊಂಡು ಕೂತಿದ್ದೆ, ಇಂಥದ್ದೂ ನೋಡೋ ಕಾಲ ಬಂತು. ಮೇಜಿನ ಮೇಲೆ ಒಂದು ಫಾರಂ ಸರಿಸಿದ್ರು. ಮೂರನೇ ಬೆಂಚಿನ ಹುಡುಗಿ ಸೈನ್ಸ್ ಬಿಟ್ಟು ಕಾಮರ್ಸಿಗೆ ಹೋಗ್ತಾಳಂತೆ. ವಿಭಾಗ ಬದಲಾಯಿಸೋಕೆ ಇಪ್ಪತ್ತನೇ ತಾರೀಕು ಕೊನೇ ದಿನ. ಅಲ್ಲೀವರೆಗೂ ಯೋಚನೆ ಮಾಡು, ವಾಪಸ್ ತಗೋಬಹುದು ಅಂತ ಹೆಡ್‌ಮಿಸ್ ಹೇಳಿದ್ದಾರಂತೆ. ಆದಮೇಲೆ ಮಾಡಿದ್ದೇ ಖಾಯಂ.

ಕಾರಣ ಅನ್ನೋ ಖಾನೇಲಿ ದುಂಡಗೆ ಬರೆದಿದ್ಲು: ನನಗೆ ಕಂಡಿದ್ದನ್ನು ಸರಿಯಾಗಿ ಬರೆಯಲು ಬರುವುದಿಲ್ಲ.

ಎರಡು ಸಲ ಓದ್ದೆ. ಕೆಳಗಡೆ ಇನ್ನೊಂದು ಸಾಲಿತ್ತಂತೆ, ಅದು ನನಗೆ ಕಾಣ್ಲಿಲ್ಲ, ಹೆಡ್‌ಮಿಸ್ ಬೆರಳಿಟ್ಟು ತೋರಿಸಿದ್ರು: ಆದ್ದರಿಂದ ವಿಜ್ಞಾನಕ್ಕೆ ನಾನು ಸರಿಯಲ್ಲ.

"ಮೇಡಂ ಇದ್ದಾಗ ಲ್ಯಾಬಲ್ಲಿ ಇವಳೇ ಮೊದಲು ಸರ್. ಒಂದು ರೀಡಿಂಗ್ ಮೂರು ಸಲ ತಗೊಳ್ಳೋಳು" ಅಂದ್ರು. ಬೈಯಲಿಲ್ಲ. ಬೈದಿದ್ರೆ ಒಂದು ಕುಚೋದ್ಯ ಮಾಡಿ ಎದ್ದು ಬರ್ತಿದ್ದೆ.

ಹಂಗಿಸಿದ್ದು ತಪ್ಪು, ಒಪ್ಕೋತೀನಿ. ಅವಳು ಬಂದ್ರೆ ಕ್ಷಮೆ ಕೇಳ್ತೀನಿ. ಆದರೆ ರೀಡಿಂಗ್ ತಪ್ಪೇ ಅಲ್ವಾ? ಮೊಟ್ಟೆಗೆ ಬಾಲ ಇರಲ್ಲ. ಯಾವ ಪುಸ್ತಕದಲ್ಲೂ ಇಲ್ಲ.

ಹೀಗೆ ಬರೆದ ಮೇಲೂ ಸಮಾಧಾನ ಇಲ್ಲ. ಮೂರು ಸಲ ರೀಡಿಂಗ್ ತಗೊಳ್ಳೋಳು ಕಡ್ಡಿ ಬಚ್ಚಿಟ್ಟು ಆಟ ಯಾಕೆ ಆಡ್ತಾಳೆ? ಕಣ್ಣೊಳಗೆ ಬಣ್ಣ ಗುರುತಿಸೋ ಶಂಕುಗಳಿರ್ತವೆ ಅಂತ ಪಾಠ ಮಾಡ್ತೀನಿ. ಈಗ ತಲೆಯೊಳಗೂ ಶಂಕೆಗಳು.

ಸೆಪ್ಟೆಂಬರ್ 15, ಭಾನುವಾರ

ಶಂಕೆ ತೀರಿಸ್ಕೊಳ್ಳೋಣ ಅಂತ ಮಧ್ಯಾಹ್ನ ಮಲಗೋ ಕೋಣೇಲಿ ಹಳೇ ಕ್ಯಾಲೆಂಡರ್ ಹಾಳೆಗಳನ್ನ ತಿರುಗಿಸಿ ಗೋಡೆಗೆ ಅಂಟಿಸಿದೆ. ನಡುವೆ ಇಂಟು ಗುರುತು. ಹೆಣಿಗೆ ಕಡ್ಡಿ ತುದಿಗೆ ಮಣಿ ಬದಲು ಹತ್ತಿಯ ಉಂಡೆ. ಹಾಳೆ ಬಿಳಿ, ಹತ್ತಿಗೆ ಮಸಿ ಬಳಿದೆ. ಗದ್ದದ ಕೆಳಗೆ ದಿಂಬು.

ಮನೆಯವಳಿಗೆ ಕಣ್ಣಿನ ಪಾಠ ಗೊತ್ತಿಲ್ಲ, ಮೊಟ್ಟೆ ಗೊತ್ತಿಲ್ಲ, ಬದನೆಕಾಯಿ ಕಥೆ ನಾನು ಹೇಳಿಲ್ಲ. ಇದು ಯಾವ ಹೊಸ ಕೀಟಲೆ ರೀ, ಕೊನೇಲಿ ನನ್ನ ಮೇಲೆ ನೀರು ಬೀಳತ್ತಾ ಅಂತ ಎರಡು ಸಲ ಕೇಳಿ, ಚಾವಣಿ ನೋಡಿ, ಆಮೇಲೆ ಕಡ್ಡಿ ಹಿಡಿದ್ಲು.

ಹೋಯ್ತು. ಬಂತು. ಹೋಯ್ತು. ಹೋಯ್ತು. ಇನ್ನೂ ಇಲ್ಲ. ಇನ್ನೂ ಇಲ್ಲ. ಬಂತು.

ಎದ್ದು ನೋಡಿದೆ.

ಗೋಡೆ ಮೇಲೆ ಬದನೆಕಾಯಿ. ತೊಟ್ಟು ಸಮೇತ. ಇಂಟು ಗುರುತಿನ ಅಡೀಲಿ ಬಾಗಿ ಎಡಕ್ಕೆ.

ನಾಚಿಕೆಗೇಡು ಅಂದ್ರೆ, ಆಗ್ಲೂ ನನ್ನ ಬಾಯಿಂದ ಮೊದಲು ಬಂದಿದ್ದು ಆ ಹುಡುಗಿ ನಿನಗೆ ಫೋನ್ ಮಾಡಿದ್ಲಾ ಅನ್ನೋ ಮಾತು. ಯಾವ ಹುಡುಗಿ ಅಂದ್ಲು. ನಿಂತಲ್ಲೇ ಎಲ್ಲಾ ಹೇಳ್ದೆ. ಹೇಳಿ ಮುಗಿಸೋವರೆಗೂ ಅವಳು ಕಡ್ಡಿ ಕೆಳಗಿಡ್ಲಿಲ್ಲ.

"ಲೋಟ ನಾನು ಸರಿಸ್ತಿರ್ಲಿಲ್ಲ ರೀ" ಅಂದ್ಲು.

ಸೆಪ್ಟೆಂಬರ್ 16, ಸೋಮವಾರ

ಸ್ಕೂಲಿಗೆ ಹೋಗ್ಲಿಲ್ಲ. ಹೊಟ್ಟೆನೋವು ಅಂತ ಫೋನ್ ಮಾಡಿದೆ. ಹೊಟ್ಟೆಗೇನೂ ಆಗಿಲ್ಲ.

ಸೆಪ್ಟೆಂಬರ್ 17, ಮಂಗಳವಾರ

ಕಣ್ಣಿನ ಡಾಕ್ಟರು ನನ್ನ ಮಗಳ ವಯಸ್ಸಿನ ಹೆಂಗಸು. ಒಂದು ಬಟ್ಟಲಿನಂಥ ಮಿಷನ್ನೊಳಗೆ ಮುಖ ಇಟ್ಟು, ನಡುವಿನ ದೀಪ ನೋಡ್ತಾ ಕೂರ್ಬೇಕು. ಸುತ್ತ ಎಲ್ಲೆಲ್ಲೋ ಸಣ್ಣ ಬೆಳಕು ಮಿಂಚತ್ತೆ. ಕಂಡಾಗೆಲ್ಲ ಕೈಯಲ್ಲಿರೋ ಗುಂಡಿ ಒತ್ತಬೇಕು.

ಬಹಳ ಹೊತ್ತು ಏನೂ ಮಿಂಚಲಿಲ್ಲ. ಇಷ್ಟೊಂದು ಹೊತ್ತು ಖಾಲಿ ಇರೋಕೆ ಸಾಧ್ಯ ಇಲ್ಲ, ಎಲ್ಲೋ ಮಿಂಚಿರತ್ತೆ ಅಂತ ತಾಳ ಹಾಕ್ಕೊಂಡು ಒತ್ತೋಕೆ ಶುರು ಮಾಡಿದೆ. ಟಕ್, ಟಕ್, ಟಕ್. ಮಿಷನ್ನಿಗೆ ಟೋಪಿ ಹಾಕ್ತಿದೀನಿ ಅಂತ ಒಳಗೊಳಗೇ ಖುಷಿನೂ ಆಯ್ತು.

ಡಾಕ್ಟರು ಕಾಗದ ನೋಡಿ, ಯಜಮಾನ್ರೇ, ಬೆಳಕೇ ಹಾಕದಾಗಲೂ ಒತ್ತಿದೀರ, ಅದನ್ನೂ ಮಿಷನ್ನು ಲೆಕ್ಕ ಇಟ್ಕೊಳ್ಳತ್ತೆ, ಇನ್ನೊಂದು ಸಲ ಕೂರಿ ಅಂದ್ರು. ಮನೆಯವಳು ಪಕ್ಕದಲ್ಲೇ ಇದ್ಲು.

ಬೇಯಿಸಿದ ರೀಡಿಂಗು. ನಾನು. ಒಂದು ಮಗುವಿನ ಪುಸ್ತಕದಲ್ಲಿ ಕೆಂಪು ಶಾಯೀಲಿ ಬರೆದು ಎರಡು ವಾರ ಆಗಿದೆ, ಅಷ್ಟೇ.

ಎರಡನೇ ಸಲ ಕಂಡಾಗ ಮಾತ್ರ ಒತ್ತಿದೆ. ಕಾಗದದ ಮೇಲೆ ಬೂದು ಬಣ್ಣದಲ್ಲಿ ಬಂತು ನನ್ನ ಬಲಗಣ್ಣಿನ ಬದನೆಕಾಯಿ. ಎಡಗಣ್ಣಲ್ಲೂ ಕೆಳಗೆ ಅಂಥದ್ದೇ ಒಂದು, ಸ್ವಲ್ಪ ಎಳೇದು. ಪೊರೆ ಅಲ್ಲ, ಗ್ಲಾಕೋಮಾ ಅಂದ್ರು. ಕಣ್ಣೊಳಗೆ ಒತ್ತಡ ಜಾಸ್ತಿಯಾಗಿ ನರ ಸಾಯ್ತಾ ಇದೆ. ಹೋಗಿದ್ದು ವಾಪಸ್ ಬರಲ್ಲ. ದಿನಾ ಹನಿ ಹಾಕಿ, ತಪ್ಪದೆ ಬಂದು ತೋರಿಸ್ತಿದ್ರೆ ಉಳಿದಿದ್ದನ್ನ ಉಳಿಸ್ಕೋಬಹುದು.

ಹಾಗಾದ್ರೆ ಕಣ್ಣ ಮುಂದೆ ಕಪ್ಪು ಮಚ್ಚೆ ಕಾಣ್ಬೇಕಿತ್ತಲ್ಲ ಅಂದೆ. ಕಪ್ಪು ಕಾಣಲ್ಲ, ಹೋದ ಜಾಗಕ್ಕೆ ಮೆದುಳು ಸುತ್ತಮುತ್ತಲಿಂದ ತೇಪೆ ಹಾಕ್ಕೊಳ್ಳತ್ತೆ ಅಂದ್ರು. ಈ ಮಾತು ಮೂವತ್ತು ವರ್ಷ ನಾನು ಹೇಳಿದೀನಿ. ಕೈ ಆಡಿಸ್ಕೊಂಡು, ಹಾಸ್ಯ ಮಾಡ್ಕೊಂಡು.

"ಜನ ಅರ್ಧ ಕಣ್ಣು ಹೋದ ಮೇಲೆ ಬರ್ತಾರೆ. ನಿಮಗೆ ಯಾರು ಹೇಳಿದ್ದು?" ಅಂತ ಕೇಳಿದ್ರು.

ನಾನು ಬಾಯಿ ಬಿಡೋಷ್ಟರಲ್ಲಿ ಮನೆಯವಳು ಹೇಳಿದ್ಲು, ಸ್ಕೂಲಲ್ಲಿ ಒಂದು ಹುಡುಗಿ ಅಂತ.

ಸೆಪ್ಟೆಂಬರ್ 18, ಬುಧವಾರ

ಹೆಡ್‌ಮಿಸ್‌ಗೆ ಕಾಗದ ತೋರಿಸಿದೆ. ಇದೂ ಏನಾದ್ರೂ ಆಟನಾ ಸರ್ ಅಂತ ಕೇಳಿದ್ರು. ಡಾಕ್ಟರ ಸಹಿ ಎರಡು ಸಲ ನೋಡಿದ ಮೇಲೇ ನಂಬಿದ್ದು.

ಹುಡುಗೀನ ಇಲ್ಲಿಗೇ ಕರೆಸ್ತೀನಿ, ನೀವಿಬ್ರೇ ಮಾತಾಡಿ ಅಂದ್ರು. ಬಾಗಿಲು ಹಾಕ್ಕೊಂಡು ಎರಡು ನಿಮಿಷದಲ್ಲಿ ಮುಗಿಯೋ ಕೆಲಸ. ಆಸೆ ಆಯ್ತು. ಹೂಂ ಅನ್ನೋಕೆ ಬಾಯಿನೂ ತೆರೆದೆ.

ಅವಳನ್ನ ಕಳ್ಳಿ ಅಂದಿದ್ದು ಬಾಗಿಲು ಹಾಕ್ಕೊಂಡಲ್ಲ. ಶುಕ್ರವಾರ ಒಂದು ಪೀರಿಯಡ್ಡಿಗೆ ಅವಳು ಕ್ಲಾಸಿಗೆ ಬಂದ್ರೆ ಸಾಕು, ಆಮೇಲೆ ಫಾರಂ ಅವಳಿಷ್ಟ ಅಂದೆ. ಹೇಳಿ ನೋಡ್ತೀನಿ ಅಂದ್ರು.

ರಾತ್ರಿ ಮನೆಯವಳು ಕಣ್ಣಿಗೆ ಹನಿ ಹಾಕಿದ್ಲು. ತಲೆ ಹಿಂದಕ್ಕೆ ಹಾಕಿ ಮಗು ಥರ ಕೂತಿದ್ದೆ. ಅವತ್ತು ಫೋನಲ್ಲಿ ನಿನ್ನ ತಂಗಿ ದನಿ ಮಾಡಿದ್ದು ನಾನೇ ಅಂದೆ. ಗೊತ್ತು, ನನ್ನ ತಂಗಿ ಯಾವತ್ತೂ ಊಟ ಆಯ್ತಾ ಅಂತ ಕೇಳಿದೋಳಲ್ಲ ಅಂದ್ಲು.

ಸೆಪ್ಟೆಂಬರ್ 20, ಶುಕ್ರವಾರ

ಬಂದಿದ್ಲು. ಮೂರನೇ ಬೆಂಚಲ್ಲಲ್ಲ, ಬಾಗಿಲ ಪಕ್ಕ, ಚೀಲ ತೊಡೆ ಮೇಲೇ ಇಟ್ಕೊಂಡು.

ನಿಂತ್ಕೊಂಡು ಹೇಳ್ದೆ. ಅವತ್ತಿನ ರೀಡಿಂಗ್ ಸರಿ ಇತ್ತು, ನನ್ನ ಕಣ್ಣಿಗೆ ಕಾಯಿಲೆ ಇದೆ, ಅದನ್ನ ಮೊದಲು ಕಂಡುಹಿಡಿದಿದ್ದು ಇವಳು, ನಾನು ಕಳ್ಳಿ ಅಂದೆ, ತಪ್ಪಾಯ್ತು ಅಂತ. ಹಿಂದಿನ ರಾತ್ರಿ ಬಾಯಿಪಾಠ ಮಾಡಿದ್ದೆ, ಒಂದು ತಮಾಷೆನೂ ಇರ್ಬಾರದು ಅಂತ.

ಹೇಳಿ ಮುಗಿಸಿದೆ. ಕ್ಲಾಸು ನಕ್ತು.

ತಪ್ಪು ಅವರದಲ್ಲ. ಇನ್ನೇನು ಗುಟ್ಟು ಬಿಚ್ತಾರೆ, ಇನ್ನೇನು ಪಂಚ್ ಬರತ್ತೆ ಅಂತ ಕಾಯ್ತಿದ್ರು. ನಾನು ನಗ್ಲಿಲ್ಲ ಅಂತ ಇನ್ನೂ ಜೋರಾಗಿ ನಕ್ಕರು. ಒಬ್ಬ ಚಪ್ಪಾಳೆ ತಟ್ಟಿದ. ಮೂರು ವಾರ ಕಷ್ಟಪಟ್ಟು ನಾನೇ ಕಲಿಸಿದ್ದು, ನನ್ನ ಮಾತು ನಂಬಬಾರದು ಅನ್ನೋದನ್ನ. ಜೇಬಲ್ಲಿ ಡಾಕ್ಟರ ಕಾಗದ ಇತ್ತು, ತೆಗೆಯೋಕೆ ಕೈ ಹಾಕಿದೆ.

ಅವಳು ನಗ್ಲಿಲ್ಲ. ಎದ್ದು ಹಲಗೆ ಹತ್ರ ಬಂದ್ಲು.

"ಕಾಗದ ಬೇಡ ಸರ್. ಕೂತ್ಕೊಳಿ, ಅಳೀತೀನಿ."

ಕೂತೆ. ಗದ್ದ ಪುಸ್ತಕದ ಮೇಲಿಟ್ಟೆ. ಅವಳು ಮುಂದಿನ ಬೆಂಚಿನವಳಿಗೆ ಪೆನ್ನು ಕೊಟ್ಟು, ನಾನು ಮಣಿ ತೋರಿಸಿದೀನಾ ಬಚ್ಚಿಟ್ಟಿದೀನಾ ನೀನು ಬರ್ಕೋ, ಸರ್ ಏನಂದ್ರು ಅದನ್ನೂ ಬರ್ಕೋ ಅಂದ್ಲು. ಆಮೇಲೆ ಹತ್ತು ಸಲ ಕೇಳಿದ್ಲು, ಈಗ ಇದೆಯಾ ಈಗ ಇದೆಯಾ ಅಂತ. ಕೆಲವು ಸಲ ಮಣಿ ಇಂಟು ಗುರುತಿನ ಮೇಲ್ಗಡೆ, ನನಗೆ ಕಾಣೋ ಜಾಗದಲ್ಲಿತ್ತು, ಕೆಲವು ಸಲ ಅವಳ ಬೆನ್ನ ಹಿಂದೆ. ನಾನು ಸುಳ್ಳು ಹೇಳ್ತೀನಾ ಅಂತ ಪರೀಕ್ಷೆ. ಆ ಮಿಷನ್ನು ಮಾಡಿದ್ದೂ ಇದನ್ನೇ, ಇವಳಿಗೆ ಯಾರು ಹೇಳ್ಕೊಟ್ರೋ. "ಅಲ್ಲಾಡ್ಬೇಡಿ ಸರ್" ಅಂತ ಒಂದು ಸಲ ಗದರಿಸಿದ್ಲು. ಅಲ್ಲಾಡ್ಲಿಲ್ಲ. ಹತ್ತಕ್ಕೆ ಹತ್ತೂ ನಿಜ ಅಂತ ಮುಂದಿನ ಬೆಂಚಿನವಳು ಓದಿದ್ಲು.

ಆಮೇಲೆ ಚುಕ್ಕೆ ಇಡೋಕೆ ಶುರು ಮಾಡಿದ್ಲು. ಹೋಯ್ತು ಅಂದೆ. ಎಷ್ಟೋ ಹೊತ್ತು ಹೋಯ್ತು ಅಂತಲೇ ಇದ್ದೆ. ಅವಳ ಕಡ್ಡಿ ಇಂಟು ಗುರುತಿನ ಕೆಳಗೆ ನಿಧಾನಕ್ಕೆ ಹೋಗ್ತಿದ್ದಾಗ ಮೂವತ್ತೊಂಬತ್ತು ಜನ ಅದನ್ನೇ ನೋಡ್ತಿದ್ರು. ಅವರೆಲ್ಲರಿಗೂ ಆ ಬಿಳಿ ಮಣಿ ಕಾಣ್ತಿತ್ತು.

ಯಾರೂ ಬದನೆಕಾಯಿ ಅನ್ನಲಿಲ್ಲ.

ಅವಳ ರೆಕಾರ್ಡ್ ಪುಸ್ತಕ ಕೇಳಿ ತಗೊಂಡೆ. ಆ ಹಾಳೆ ಹರಿದು ಹೊಸದಾಗಿ ಬರೆಸ್ತೀನಿ ಅಂದೆ.

"ಹರೀಬಾರದು ಸರ್. ತಪ್ಪಾಗಿದ್ರೆ ಒಂದೇ ಗೆರೆ ಎಳೀಬೇಕು, ಹಳೇದು ಓದೋ ಹಾಗೇ ಇರ್ಬೇಕು, ಪಕ್ಕದಲ್ಲಿ ಸರಿಯಾದ್ದು ಬರೆದು ಸಹಿ ಹಾಕ್ಬೇಕು. ಮೊದಲನೇ ದಿನ ನೀವೇ ಹೇಳಿದ್ದು."

ಗೆರೆ ಎಳೆದೆ. ಪಕ್ಕದಲ್ಲಿ, ರೀಡಿಂಗ್ ಸರಿಯಿದೆ, ತಪ್ಪು ಕಣ್ಣಿನದು ಅಂತ ಬರೆದೆ. ಅವಳು ಓದಿದ್ಲು.

"ಕಣ್ಣಿನ ತಪ್ಪು ಏನಿದೆ ಸರ್? ಅದು ಕಾಣಲ್ಲ ಅಂತ ಸರಿಯಾಗೇ ಹೇಳ್ತಲ್ಲ."

ಕಣ್ಣಿನದು ಅನ್ನೋದರ ಮೇಲೂ ಒಂದು ಗೆರೆ ಎಳೆದೆ. ನನ್ನದು ಅಂತ ಬರೆದೆ. ಸಹಿ ಹಾಕಿ ತಾರೀಕು ಹಾಕಿದೆ. ಇಪ್ಪತ್ತು ಅಂತ ಬರೆಯುವಾಗಲೇ ಫಾರಂ ನೆನಪಾಗಿದ್ದು. ಕೇಳೋಕೆ ಧೈರ್ಯ ಬರ್ಲಿಲ್ಲ.

ಗಂಟೆ ಹೊಡೀತು. ಎಲ್ಲರೂ ಹೋದ್ರು. ಹಲಗೆ ಒರೆಸಲಿಲ್ಲ, ಹಾಗೇ ಬಿಟ್ಟು ಹೊರಟೆ. ಮೆಟ್ಟಿಲ ಮೇಲೆ ಹಿಂದೆ ಹೆಜ್ಜೆ ಸದ್ದು ಕೇಳಿಸ್ತು. ಎಡಗಣ್ಣು ಬಾಕಿ ಇದೆ ಸರ್, ಸೋಮವಾರ ಮಾಡೋಣ ಅಂದ್ಲು. ಹಾಗಾದ್ರೆ ಫಾರಂ ಅಂದೆ. ಪೀರಿಯಡ್ಡಿಗೆ ಮುಂಚೆನೇ ವಾಪಸ್ ತಗೊಂಡಿದೀನಿ, ನೀವು ಕ್ಷಮೆ ಕೇಳಿದ್ದಕ್ಕಲ್ಲ ಅಂದ್ಲು. ಮತ್ಯಾಕೆ ಅಂದೆ. ನನ್ನ ಚುಕ್ಕೆ ಸರಿ ಇತ್ತು ಅಂತ ಹೆಡ್‌ಮಿಸ್ ಹೇಳಿದ್ರಲ್ಲ, ಅಷ್ಟು ಸಾಕು ಅಂದ್ಲು.

ಸೋಮವಾರ ಆಗ್ಲಿ ಅಂದು ಇಳೀತಿದ್ದೆ. ಮೆಟ್ಟಿಲು ಮುಗೀತು ಅಂತ ಕಾಲು ಮುಂದಕ್ಕೆ ಎತ್ತಿದೆ.

"ಇನ್ನೊಂದಿದೆ ಸರ್."

ನೋಡಿದೆ. ನನಗೆ ಕಂಡಿದ್ದು ಬರೀ ಸಮ ನೆಲ, ಒಂದು ಬಿರುಕೂ ಇಲ್ಲದ ಹಾಗೆ. ಗೋಡೆ ಹಿಡ್ಕೊಂಡು ಕಾಲು ಕೆಳಗಿಳಿಸಿದೆ.

ಇತ್ತು.